ಛತ್ರದ ಮನೆಮಗಳು

ದೊಡ್ಡಮಲ್ಲಮ್ಮನ ಹೊಟ್ಟೆಕಿಚ್ಚು ನಮ್ಮ ಚಾಮರಾಜನಗರದ ದೊಡ್ಡಂಗಡಿ ಬೀದಿಗೆ ಹೊಸದೇನಲ್ಲ. ಪಕ್ಕದ ಹೂವಿನವಳ ಬುಟ್ಟಿಯ ಕಾಕಡ ಹೂ ಬೇಗ ಖಾಲಿಯಾದರೆ ಇವಳಿಗೆ ಮಧ್ಯಾಹ್ನದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಅಂಗಡಿಗೆ ಮೋಟಾರ್ ಹಾಕಿದ ಹೊಲಿಗೆ ಮಿಷನ್ ಬಂದ ದಿನ ಬುಟ್ಟಿಯನ್ನು ಬಿಟ್ಟು ಎದ್ದು ಬಂದು, ಸುತ್ತಲೂ ನೋಡಿ, "ಚೆನ್ನಾಗದೆ ಕಣಮ್ಮಿ. ಕರೆಂಟ್ ಓದ್ರೆ ಏನ್ಮಾಡೀಯೆ?" ಎಂದು ಕೇಳಿ ಹೋದಳು. ಅವತ್ತು ಸಂಜೆಯೇ ಕರೆಂಟು ಹೋಯಿತು. ಕಣ್ಣು ತಾಗುತ್ತದೆ ಎಂಬುದರಲ್ಲಿ ನನಗೆ ನಂಬಿಕೆ ಇಲ್ಲ, ಆದರೂ ಮಿಷನ್ನಿಗೆ ಒಂದು ನಿಂಬೆಹಣ್ಣು ಕಟ್ಟಿದೆ.

ನಾನು ಟೈಲರ್ ಕುಮಾರಿ. ನನ್ನ ಅಂಗಡಿ ದೇವಾಜಮ್ಮನ ಛತ್ರದ ಎದುರಿಗೇ ಇದೆ. ಬಾಯಿ ಜೋರು ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಹೆಂಗಸು ಪೇಟೆಯಲ್ಲಿ ಅಂಗಡಿ ಇಟ್ಟು ಬಾಯಿ ಮೆತ್ತಗೆ ಇಟ್ಟುಕೊಂಡರೆ ಆಗುತ್ತದೆಯೇ? ಮಿಷನ್ ತುಳಿಯುತ್ತಾ ತಲೆ ಎತ್ತಿದರೆ ಛತ್ರದ ಜಗುಲಿ, ಜಗುಲಿಯ ಎಡತುದಿಯಲ್ಲಿ ದೊಡ್ಡಮಲ್ಲಮ್ಮ, ಅವಳ ಬೆನ್ನ ಹಿಂದೆ ಮುಚ್ಚಿದ ಬಾಗಿಲು. ಎಷ್ಟೋ ವರ್ಷ ಇದನ್ನೇ ನೋಡಿದ್ದೇನೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನ್ನದು. ಬೇರೆಯವರು ಹೇಳಿದರೆ ಸುಮ್ಮನೆ ಅವಳನ್ನು ಒಳ್ಳೆಯವಳು ಮಾಡಿಬಿಡುತ್ತಾರೆ.

ಛತ್ರ ಕಟ್ಟಿಸಿದ ದೇವಾಜಮ್ಮ ಮಹಾರಾಜರ ಕಾಲದವಳು. ಮಕ್ಕಳಿರಲಿಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ, ಸತ್ಯಮಂಗಲದ ಕಡೆ ಗಾಡಿ ಹೊಡೆಯುವವರಿಗೆ ತಂಗಲು ಜಾಗವಾಗಲಿ ಎಂದು ಕಟ್ಟಿಸಿದಳಂತೆ. ಬಸ್ಸು ಬಂದ ಮೇಲೆ ನಡೆಯುವವರು ಕಡಿಮೆಯಾದರು, ಲಾರಿ ಬಂದ ಮೇಲೆ ಗಾಡಿಗಳು ನಿಂತವು. ಒಂದಷ್ಟು ಕಾಲ ಹುರುಳಿ ಮೂಟೆ ಇಡುವ ಗೋಡೌನ್ ಆಗಿತ್ತು. ಆಮೇಲೆ ಬಾವಲಿಗಳೇ ಯಜಮಾನರು. ಛತ್ರವನ್ನು ನೋಡಿಕೊಳ್ಳುತ್ತಿದ್ದ ಕೊನೆಯ ಪಾರುಪತ್ಯಗಾರ ಗೋವಿಂದಯ್ಯನವರು ಕಾಲು ಬಿದ್ದುಹೋದ ಮೇಲೆ ಬೀಗ ಹಾಕಿ, ಮೊಳದುದ್ದದ ಕಬ್ಬಿಣದ ಬೀಗದಕೈಯನ್ನು ಜಗುಲಿ ಗುಡಿಸುತ್ತಿದ್ದ ದೊಡ್ಡಮಲ್ಲಮ್ಮನ ಕೈಗೆ ಕೊಟ್ಟು ಹೋದರು. ವಾಪಸು ಕೇಳಲು ಅವರು ಬದುಕಿ ಉಳಿಯಲಿಲ್ಲ. ಬೇರೆ ಯಾರಿಗೂ ಅದು ಬೇಕಿರಲಿಲ್ಲ.

ಅವಳು ಹರದನಹಳ್ಳಿಯ ಹೆಣ್ಣು. ಗಂಡ ಬೆಟ್ಟಯ್ಯ ಜಟಕಾ ಹೊಡೆಯುತ್ತಿದ್ದವನು. ಆಟೋಗಳು ಬಂದ ಮೇಲೆ ಕುದುರೆಯನ್ನು ಮಾರಿ, ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತು ಕುದುರೆಯ ಕಥೆ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ. ಹೂವಿನ ಬುಟ್ಟಿ, ಜಗುಲಿಯ ಎಡತುದಿ, ತೆಂಗಿನ ಪೊರಕೆ, ಈ ಮೂರೂ ಅವಳಿಗೆ ಅತ್ತೆಯಿಂದ ಬಂದ ಆಸ್ತಿ. ದಿನಾ ಬೆಳಿಗ್ಗೆ ಜಗುಲಿ ಗುಡಿಸಿ, ನೀರು ಚಿಮುಕಿಸಿ, ಯಾರೂ ತೆರೆಯದ ಆ ಬಾಗಿಲಿಗೆ ರಂಗೋಲಿ ಇಟ್ಟು, ಆಮೇಲೆ ಹೂ ಕಟ್ಟಲು ಕೂರುತ್ತಿದ್ದಳು. ಬೀಗದಕೈ ಯಾವಾಗಲೂ ಸೊಂಟದಲ್ಲಿ. ಅದರ ಭಾರಕ್ಕೆ ಅವಳ ಸೀರೆ ಒಂದು ಕಡೆ ಜಾರಿಯೇ ಇರುತ್ತಿತ್ತು.

ಛತ್ರದ ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಅವತ್ತಿನ ಹೂ ಬಾಡಿದರೂ ಮಾತು ನಿಲ್ಲದು. ಹದಿನಾರು ಕಂಬದ ತೊಟ್ಟಿಯಂತೆ. ಕಂಬಕ್ಕೊಂದು ಗಿಳಿಯಂತೆ, ಒಂದೊಂದರ ಮೂತಿ ಒಂದೊಂದು ಕಡೆಗಂತೆ. ಅಡುಗೆಮನೆಯ ಒರಳು ಮುಟ್ಟಿದರೆ ಬೇಸಿಗೆಯಲ್ಲೂ ಕೈ ಜುಮ್ಮೆನ್ನುತ್ತದಂತೆ. ಶಾಲೆಯ ಮಕ್ಕಳು ಬಾಯಿ ಬಿಟ್ಟು ಕೇಳಿ, ಒಂದು ಸಲ ತೆಗೆದು ತೋರಿಸು ಎಂದರೆ, "ದೇವ್ರ ಕ್ವಾಣೆ ಕಣ್ರಲಾ ಅದು, ಕಂಡಕಂಡೋರ್ಗೆಲ್ಲ ತೆಗಿಯಕ್ಕಾದದಾ?" ಎಂದು ಗದರಿಸಿ ಓಡಿಸುತ್ತಿದ್ದಳು. ತಾನೂ ತಿನ್ನದೆ ದನಕ್ಕೂ ಬಿಡದೆ ಹುಲ್ಲಿನ ಬಣವೆ ಕಾಯುವ ನಾಯಿ ಇವಳು ಎಂದು ನಾನು ಎಷ್ಟೋ ಸಲ ಅಂದಿದ್ದೇನೆ, ಅವಳಿಗೆ ಕೇಳುವ ಹಾಗೆಯೇ.

ಚಾಮರಾಜನಗರ ಜಿಲ್ಲೆಯಾಗುತ್ತದೆ ಎಂಬ ಸುದ್ದಿ ಎದ್ದಾಗ ಪೇಟೆಯಲ್ಲಿ ಎಲ್ಲರಿಗೂ ಏನಾದರೂ ಕಟ್ಟುವ ಹುಚ್ಚು ಹಿಡಿಯಿತು. ಆಫೀಸುಗಳು ಬರುತ್ತವೆ, ಆಫೀಸರುಗಳು ಬರುತ್ತಾರೆ, ಅವರ ಮನೆಯ ಮದುವೆಗಳೂ ಇಲ್ಲೇ ಆಗುತ್ತವೆ ಎಂದು ಲೆಕ್ಕ. ಛತ್ರದ ಟ್ರಸ್ಟ್ ಎಂಬುದೊಂದು ಇದೆ ಎಂಬುದೇ ನಮಗೆ ಮರೆತಿತ್ತು, ಅದು ಎದ್ದು ಕೂತಿತು. ಕಾರ್ಯದರ್ಶಿ ಹರವೆಯ ಮಲ್ಲಿಕಾರ್ಜುನಸ್ವಾಮಿ, ಸೊಸೈಟಿಯಲ್ಲಿ ಮ್ಯಾನೇಜರ್ ಆಗಿದ್ದವರು, ಮೃದು ಮನುಷ್ಯ, ಯಾರಿಗೂ ಇಲ್ಲ ಎನ್ನಲು ಬಾರದು. ಒಡೆದು ಮೂರು ಮಾಳಿಗೆ ಎಬ್ಬಿಸಿ ಎಂದವರಿಗೂ ಅವರು ಹೂಂ ಎಂದರು, ಹಳೆಯದನ್ನೇ ರಿಪೇರಿ ಮಾಡಿ ಕಲ್ಯಾಣಮಂಟಪ ಮಾಡೋಣ ಎಂದವರಿಗೂ ಹೂಂ ಎಂದರು. ಕಡೆಗೆ ಮೇಸ್ತ್ರಿ ಹಿದಾಯತ್ ಉಲ್ಲಾ ಬಂದು ಗೋಡೆ ತಟ್ಟಿ, "ಸ್ವಾಮಿಯೋರೆ, ಇದನ್ನ ಒಡೆಯೋಕೆ ಒಂದು ವರ್ಷ ಬೇಕು, ಸರಿ ಮಾಡೋಕೂ ಒಂದು ವರ್ಷ ಬೇಕು. ಯಾವುದು ಮಾಡ್ಲಿ ಹೇಳಿ" ಎಂದ ಮೇಲೆ ತೀರ್ಮಾನವಾಯಿತು.

ಕೆಲಸ ಶುರುವಾಯಿತು. ಲಾರಿ ನುಗ್ಗಲೆಂದು ಹಿಂದಿನ ಗಲ್ಲಿಯ ಗೋಡೆ ಒಡೆದರು. ಮುಂಬಾಗಿಲು ಕೆತ್ತನೆಯ ತೇಗದ್ದಾದ್ದರಿಂದ ಅದಕ್ಕೆ ಗೋಣಿ ಸುತ್ತಿ, ಪ್ರಾರಂಭೋತ್ಸವದ ದಿನವೇ ತೆಗೆಯುವುದೆಂದು ಬಿಟ್ಟರು. ಹೀಗಾಗಿ ಜಗುಲಿಯೂ ಬೀಗದಕೈಯೂ ದೊಡ್ಡಮಲ್ಲಮ್ಮನ ಹತ್ತಿರವೇ ಉಳಿದವು. ಒಳಗಿನಿಂದ ಬಾವಲಿಗಳು ಹೋದವು, ಹಳೆ ಮಣ್ಣು ಹೊರಬಂತು, ಸುಣ್ಣದ ಗಾಡಿ ಒಳಹೋಯಿತು, ಹೊಸ ತೊಲೆಗಳು ಬಂದವು. ಮೇಸ್ತ್ರಿ ಊಟಕ್ಕೆ ಹೋಗುವಾಗಲೆಲ್ಲ, "ಬನ್ನಿ ಅಮ್ಮಾ, ಹಿಂದುಗಡೆಯಿಂದ ಬಂದು ಒಳಗೆ ಒಂದ್ಸಲ ನೋಡ್ಕೊಂಡು ಹೋಗಿ. ಕಂಬಕ್ಕೆ ಎಣ್ಣೆ ಹೊಡೆಸಿದೀನಿ" ಎಂದು ಕರೆಯುತ್ತಿದ್ದ.

"ನಾನು ನೋಡ್ದೆ ಇರೋದು ಏನಪ್ಪ ಅದೆ ಅಲ್ಲಿ? ನೀ ಬುಡು" ಎಂದು ಅವಳು ಹೂ ಕಟ್ಟುತ್ತಲೇ ಇರುತ್ತಿದ್ದಳು.

ಕಟ್ಟಡಕ್ಕೆ ಕಣ್ಣು ಬೀಳದಿರಲಿ ಎಂದು ಕೆಲಸದವರು ಒಂದು ಬೂದುಗುಂಬಳಕ್ಕೆ ಮೀಸೆ, ಕೋರೆಹಲ್ಲು ಬರೆದು ಮುಂದಿನ ಸೂರಿಗೆ ತೂಗುಹಾಕಿದರು. ಗಾಳಿಗೆ ತಿರುಗಿ ತಿರುಗಿ ಅದರ ಮುಖ ಸರಿಯಾಗಿ ದೊಡ್ಡಮಲ್ಲಮ್ಮನ ಕಡೆಗೇ ಬಂದು ನಿಲ್ಲುತ್ತಿತ್ತು. "ಯಾರ್ ಕಣ್ಣಿಗೆ ಅಂತ ಕಟ್ಟಿದೀರಪ್ಪ ಇದ್ನ?" ಎಂದು ಅವಳು ಕೇಳಿದಳು. ನಾನು ನಗು ತಡೆಯಲಾರದೆ ಮಿಷನ್ ಜೋರಾಗಿ ಬಿಟ್ಟೆ.

ಜಿಲ್ಲೆಯಾಯಿತು. ಮಾರನೇ ವರ್ಷ ಮಾಘಮಾಸಕ್ಕೆ ಛತ್ರವೂ ಮುಗಿಯುತ್ತ ಬಂತು. ಒಂದು ದಿನ ದೊಡ್ಡಮಲ್ಲಮ್ಮ ನನ್ನ ಅಂಗಡಿಗೆ ಬಂದು, ಮಡಿಲಿನಿಂದ ಹಸಿರು ರವಿಕೆ ಕಣವೊಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು. ಮೂಗಿಗೆ ಕರ್ಪೂರದ ವಾಸನೆ ಬಂತು. ಯಾವ ಕಾಲದಿಂದ ಪೆಟ್ಟಿಗೆಯಲ್ಲಿ ಇಟ್ಟಿದ್ದಳೋ.

"ಕೈ ಸ್ವಲ್ಪ ಬಿಗಿಯಾಗಿ ಒಲಿಯಮ್ಮಿ. ಆಲುಕ್ಕಿಸೋ ದಿನಕ್ಕೆ ಬೇಕು" ಎಂದಳು.

ಹೊಸ ಮನೆಗೆ ಹೊಕ್ಕಾಗ ಹಾಲುಕ್ಕಿಸುವುದು ಮನೆಮಗಳ ಹಕ್ಕು. ಸೊಸೆಗಿಲ್ಲ, ಅತ್ತೆಗಿಲ್ಲ, ದುಡ್ಡು ಹಾಕಿದವರಿಗೂ ಇಲ್ಲ. ಆ ಮನೆಯ ಹೆಣ್ಣುಮಗಳು ಎಲ್ಲಿದ್ದರೂ ಕರೆಸಿ, ಅವಳ ಕೈಯಿಂದ ಒಲೆ ಹೊತ್ತಿಸಿ, ಹಾಲು ಉಕ್ಕಿ ಚೆಲ್ಲಿದ ಮೇಲೆಯೇ ಉಳಿದವರು ಉಣ್ಣಬೇಕು. ಹಾಳುಬಿದ್ದ ಮನೆಗೆ ಮತ್ತೆ ಹೊಕ್ಕರೂ ಅದೇ ಪದ್ಧತಿ. ಈ ಛತ್ರಕ್ಕೆ ಮಗಳೆಲ್ಲಿ? ಕಟ್ಟಿಸಿದವಳೇ ಬಂಜೆ. ಹಾಗಿರುವಾಗ ಮೂವತ್ತು ವರ್ಷ ಬಾಗಿಲಿಗೆ ನೀರು ಹಾಕಿದವಳು ತಾನೇ ಮಗಳು ಎಂದು ದೊಡ್ಡಮಲ್ಲಮ್ಮ ತನ್ನಷ್ಟಕ್ಕೇ ತೀರ್ಮಾನಿಸಿಕೊಂಡಿದ್ದಳು. ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನಾನು ಟೇಪು ಹಿಡಿದು ಅಳತೆ ತೆಗೆದುಕೊಳ್ಳುವಾಗ ಅವಳು ಉಸಿರು ಬಿಗಿಹಿಡಿದು, ಶಾಲೆಯಲ್ಲಿ ಬಹುಮಾನಕ್ಕೆ ನಿಂತ ಹುಡುಗಿಯ ಹಾಗೆ ನೆಟ್ಟಗೆ ನಿಂತಿದ್ದಳು. ಅದನ್ನು ನೋಡಿ ನನಗೆ ಕೆಟ್ಟದೆನಿಸಿತು, ಏಕೆಂದರೆ ಬೀದಿಗೆ ಆಗಲೇ ಬಂದಿದ್ದ ಇನ್ನೊಂದು ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ.

ಗುಂಡ್ಲುಪೇಟೆಯ ಪುಟ್ಟಮಾದಮ್ಮ ಎಂದರೆ ಹೂವಿನವರಿಗೆಲ್ಲ ಗೊತ್ತು. ಓಣಂ ಬಂತೆಂದರೆ ಅವಳ ಚೆಂಡುಹೂವಿನ ಲಾರಿಗಳು ಸಾಲಾಗಿ ಕೇರಳಕ್ಕೆ ಇಳಿಯುತ್ತವೆ. ಮಲಯಾಳದ ವ್ಯಾಪಾರಿಗಳು ಅವಳನ್ನು 'ಚೇಚಿ', ಅಂದರೆ ಅಕ್ಕ, ಎಂದು ಕರೆದು ಬೆಂಚಿನಿಂದ ಎದ್ದು ನಿಲ್ಲುತ್ತಾರೆ. ಮೊದಲು ಅವಳೂ ಬುಟ್ಟಿ ಹೊತ್ತವಳೇ. ನಮ್ಮ ಪೇಟೆಗೂ ಅವಳ ಟೆಂಪೋದಲ್ಲೇ ಹೂ ಬರುತ್ತಿತ್ತು. ಹಾಗೆ ಬಂದ ಹೂವನ್ನು ದೊಡ್ಡಮಲ್ಲಮ್ಮ ಕೊಳ್ಳುವಾಗಲೆಲ್ಲ ಒಂದು ಹಿಡಿ ಎತ್ತಿ ಮೂಸಿ, "ವಾಸ್ನೆನೇ ಇಲ್ಲ. ನೋಡಕ್ಕೆ ಮಾತ್ರ ದಪ್ಪ, ಅವ್ಳಂಗೇ" ಎನ್ನುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ಚೆಂಡುಹೂ ಮೊದಲೇ ಹಳದಿ, ಕೇಳಬೇಕೇ?

ಆ ಪುಟ್ಟಮಾದಮ್ಮ ಒಂದು ದಿನ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಂದು, ಕಾರ್ಯದರ್ಶಿಗಳ ಎದುರು ಕೈಮುಗಿದು, "ಸ್ವಾಮೀ, ನಾನು ಇದೇ ಛತ್ರದಲ್ಲಿ ಹುಟ್ಟಿದೋಳು" ಎಂದಳು. ಅವಳ ತಾಯಿ ತುಂಬಿದ ಬಸುರಿ, ಹರಕೆಗೆಂದು ಗುಂಡ್ಲುಪೇಟೆಯ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿಗೆ ನಡೆದು ಹೊರಟಿದ್ದಳಂತೆ. ಇಲ್ಲಿಗೆ ಬರುವಷ್ಟರಲ್ಲಿ ನೋವು ಬಂದು ಹೆರಿಗೆಯಾಯಿತಂತೆ. ಅದಕ್ಕೇ ಮಗುವಿಗೆ ಮಾದಪ್ಪನ ಹೆಸರು. ಮಲ್ಲಿಕಾರ್ಜುನಸ್ವಾಮಿಗಳಿಗೆ ದೇವರೇ ಬಂದು ಉತ್ತರ ಕೊಟ್ಟ ಹಾಗಾಯಿತು. ಮಕ್ಕಳಿಲ್ಲದ ದೇವಾಜಮ್ಮನ ಛತ್ರದಲ್ಲಿ ಹುಟ್ಟಿದ ಹೆಣ್ಣು! ಇವಳಲ್ಲದೆ ಮನೆಮಗಳು ಬೇರೆ ಯಾರು? ಹಾಲುಕ್ಕಿಸುವವರು ಶ್ರೀಮತಿ ಪುಟ್ಟಮಾದಮ್ಮನವರು ಎಂದು ಕರೆಯೋಲೆಯಲ್ಲಿ ಅಚ್ಚಾಗಿಬಿಟ್ಟಿತು.

ಸುದ್ದಿ ಮುಟ್ಟಿದ ದಿನ ದೊಡ್ಡಮಲ್ಲಮ್ಮ ಜಗಳ ಆಡಲಿಲ್ಲ, ಅದಕ್ಕೇ ನನಗೆ ಭಯವಾದದ್ದು. ನನ್ನ ಅಂಗಡಿಗೆ ಬಂದು, "ಆ ರವಿಕೆ ಒಲಿಬ್ಯಾಡ" ಎಂದಳು. ಮಾರನೇ ದಿನ ಬಂದು, "ಒಲಿ" ಎಂದಳು. ಅದರ ಮಾರನೇ ದಿನ ಬಂದಾಗ ಗೂಟಕ್ಕೆ ಇನ್ನೊಂದು ರವಿಕೆ ನೇತುಹಾಕಿದ್ದೆ, ಮೈಸೂರು ರೇಷ್ಮೆಯದು, ಕೈಯಂಚಿಗೆ ಜರಿ. ಪುಟ್ಟಮಾದಮ್ಮ ಹೋದ ವಾರ ಟೆಂಪೋ ಇಳಿದು ಕೊಟ್ಟು ಹೋದದ್ದು. ನಾನು ಅಡಗಿಸಿಡಬೇಕಿತ್ತು, ಮರೆತಿದ್ದೆ.

"ಇದು ಅವ್ಳದಾ?"

"ಹೌದು."

ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು. ಮಡಿಕೆ ಬಿಚ್ಚಿ ನೋಡಿದಳು. ತೋಳಿನ ಸುತ್ತಳತೆಯನ್ನು ತನ್ನ ಗೇಣಿನಲ್ಲಿ ಅಳೆದಳು. "ನಂಗೂ ಇಷ್ಟೇ ಬಿಗಿ ಮಾಡು" ಎಂದಳು. ಅವಳ ತೋಳು ದಿನಾ ಬುಟ್ಟಿ ಹೊತ್ತದ್ದು, ಪುಟ್ಟಮಾದಮ್ಮನದಕ್ಕಿಂತ ದಪ್ಪ. ಬಿಚ್ಚಿಹೋಗುತ್ತದೆ ಎಂದೆ. "ಓದ್ರೆ ಓಯ್ತದೆ, ನೀ ಒಲಿ" ಎಂದಳು.

ಆಮೇಲಿನ ದಿನಗಳನ್ನು ಬೀದಿಯೇ ಅನುಭವಿಸಿತು. ಟೆಂಪೋ ಬಂದರೆ ಅವಳು ಹೂ ಕೊಳ್ಳದೆ ಉಮ್ಮತ್ತೂರಿನಿಂದ ಯಾರೋ ತರುವ ಬಾಡಿದ ಸೇವಂತಿಗೆಗೆ ಕಾಯುತ್ತಿದ್ದಳು. ರಂಗೋಲಿ ಎಂದಿಗಿಂತ ದೊಡ್ಡದಾಯಿತು, ರಸ್ತೆಯವರೆಗೂ ಇಳಿಯಿತು, ಸೈಕಲ್ಲಿನವರು ಸುತ್ತಿ ಹೋಗಬೇಕಾಯಿತು. ಬೆಟ್ಟಯ್ಯ ಮನೆಯಲ್ಲಿ ಉಣ್ಣಲು ಹೆದರಿ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು ನನ್ನ ಹತ್ತಿರ, "ರಾತ್ರಿ ನಿದ್ದೆಲೂ ಅವ್ಳ ಎಸ್ರೇ ಕಣಮ್ಮಿ. ನನ್ನೆಸ್ರ ಒಂದಿನ ಇಂಗೆ ಕರ್ದಿದ್ರೆ ನಾನು ಕುದ್ರೆ ಮಾರ್ತಿರ್ಲಿಲ್ಲ" ಎಂದ.

ಅವಳ ಹೊಟ್ಟೆಯಲ್ಲಿ ಬೇಯುತ್ತಿದ್ದುದು ಇಷ್ಟೇ. ಹುಟ್ಟಿದ್ದೇ ಒಂದು ಕೆಲಸವೇ? ಹುಟ್ಟುವುದಕ್ಕೆ ಪುಟ್ಟಮಾದಮ್ಮ ಏನು ಮಾಡಿದಳು? ಒಂದು ದಿನ ಅತ್ತು, ಮೂರನೇ ದಿನ ತಾಯಿಯ ಮಡಿಲಲ್ಲಿ ಊರು ಬಿಟ್ಟಳು. ಬಿಸಿಲು ಗಾಳಿ ಎನ್ನದೆ ಗುಡಿಸಿದವಳು ಯಾರು? ನನಗೂ ಸಿಟ್ಟು ಬಂತು ಎಂದೇ ಹೇಳಬೇಕು. ಮಲ್ಲಿಕಾರ್ಜುನಸ್ವಾಮಿಗಳನ್ನು ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದೆ. ಅವರು, "ನಿಜ ತಾಯಿ, ನಿಜ. ಆದರೆ ಅಚ್ಚಾಗಿದೆಯಲ್ಲ" ಎಂದು ಛತ್ರಿ ಬಿಡಿಸಿಕೊಂಡು ಹೋದರು.

ಕೊನೆಗೆ ಅವಳಿಗೊಂದು ಅಸ್ತ್ರ ಸಿಕ್ಕಿತು. ಸತ್ತ ಅತ್ತೆಯ ಒಂದು ಮಾತು ನೆನಪಾಯಿತು. ಅದನ್ನು ಯಾರಿಗೂ ಹೇಳದೆ, ಪ್ರಾರಂಭೋತ್ಸವದ ದಿನದವರೆಗೂ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು. ನನಗೂ ಹೇಳಲಿಲ್ಲ ಎಂಬ ಕೋಪ ಇವತ್ತಿಗೂ ಇದೆ.

ಆ ದಿನ ಬೆಳಿಗ್ಗೆ ಛತ್ರದ ಮುಂದೆ ಶಾಮಿಯಾನ, ಬಾಳೆಕಂಬ, ವಾಲಗ. ಬಾಗಿಲಿನ ಗೋಣಿ ಬಿಚ್ಚಿದ್ದರು. ತೇಗದ ಕೆತ್ತನೆ ಎಣ್ಣೆಯಲ್ಲಿ ಮಿಂಚುತ್ತಿತ್ತು. ನಾವೆಲ್ಲ ಹುಟ್ಟಿದಾಗಿನಿಂದ ಮಾಸಿದ ಬಾಗಿಲನ್ನೇ ನೋಡಿದ್ದವರು, ಅದು ಇಷ್ಟು ಚೆಂದ ಎಂದು ಗೊತ್ತೇ ಇರಲಿಲ್ಲ. ಪುಟ್ಟಮಾದಮ್ಮ ಜರಿಯಂಚಿನ ರವಿಕೆ ತೊಟ್ಟು, ಹಾಲಿನ ಹಿತ್ತಾಳೆ ಪಾತ್ರೆಯನ್ನು ಜಗುಲಿಯ ಅಂಚಿಗಿಟ್ಟು ಕೆಳಗೆ ನಿಂತಿದ್ದಳು. ದೊಡ್ಡಮಲ್ಲಮ್ಮ ಹಸಿರು ರವಿಕೆ ತೊಟ್ಟು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮಲ್ಲಿಕಾರ್ಜುನಸ್ವಾಮಿಗಳು, "ಬೀಗ ತೆಗೀಬಹುದಲ್ಲ ತಾಯಿ?" ಎಂದು ಮೆತ್ತಗೆ ಕೇಳಿದರು.

"ತೆಗಿತೀನಿ. ಅದ್ಕೆ ಮುಂಚೆ ಒಂದ್ಮಾತು" ಎಂದಳು. ವಾಲಗದವರು ತಾವೇ ನಿಲ್ಲಿಸಿದರು. "ಇವ್ಳು ಈ ಛತ್ರದಲ್ಲಿ ಉಟ್ನಿಲ್ಲ ಸಾಮಿ. ಛತ್ರದ ಒಳಕ್ಕೆ ಇವ್ಳವ್ವ ಕಾಲೇ ಇಕ್ನಿಲ್ಲ. ಇಲ್ಲಿ, ಈ ಜಗ್ಲಿ ಮೇಲೆ ಎತ್ತಿದ್ದು. ಈ ಮೂಲೇಲಿ. ಎರಿಗೆ ಮೈಲ್ಗೆ ತೊಳ್ದೋಳು ನಮ್ಮತ್ತೆ. ಒಸ್ಲಿಂದ ಆಚ್ಗೆ ಉಟ್ಟಿದೋಳು ಮನೆ ಮಗ್ಳು ಎಂಗಾದಾಳು? ಕೇಳಿ ಅವ್ಳನ್ನೇ!"

ಎಲ್ಲರೂ ಪುಟ್ಟಮಾದಮ್ಮನ ಕಡೆ ತಿರುಗಿದರು. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡೆವು. ಆಗಲಿಲ್ಲ.

"ನಿಜ ಕಣಕ್ಕ" ಎಂದಳು. "ಒಳಕ್ಕೆ ಬುಡ್ನಿಲ್ಲ. ನೋವು ತಿಂತಾ ಬಾಗ್ಲು ಬಡಿದ್ರೆ, ಒಳ್ಗಡೆ ಅಡಿಗೆ ಆಯ್ತಾ ಅದೆ, ನಿಮ್ ಜಾತಿಯೋರು ಜಗ್ಲಿ ದಾಟಂಗಿಲ್ಲ ಅಂದ್ರಂತೆ. ಬೀದೀಲಿ ಹೂ ಮಾರ್ಕೊಂಡು ಓಯ್ತಿದ್ದೋಳೊಬ್ಳು ಬುಟ್ಟಿ ಕೆಳಕ್ಕಿಟ್ಟು, ಉಟ್ಟಿದ್ ಸೀರೆ ಅರ್ಧ ಬಿಚ್ಚಿ ನಮ್ಮವ್ವುಂಗೆ ಮರೆ ಕಟ್ಟಿದ್ಳಂತೆ. ಆಮ್ಯಾಕೆ ಪಾರುಪತ್ಯಗಾರ್ರು ಅವ್ಳಿಗೆ, ಈ ಮೈಲ್ಗೆ ಎಲ್ಲ ತೊಳ್ದು ದಿನಾ ಗುಡುಸ್ಕೊಡು, ಬೇಕಾರೆ ಈ ಮೂಲೇಲೇ ಕೂತು ಮಾರ್ಕೊ ಅಂದ್ರಂತೆ. ನಮ್ಮವ್ವ ಸಾಯೋಗಂಟ ಆಯಮ್ಮನ್ನ ನೆನೀತಿದ್ಳು. ನಿಮ್ಮತ್ತೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು."

ದೊಡ್ಡಮಲ್ಲಮ್ಮನ ಮುಖ ನಾನು ನೋಡುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕರಗಿ ತಬ್ಬಿಕೊಂಡು ಅಳುತ್ತಿದ್ದರು. ಇವಳು ಇನ್ನೂ ಉರಿದುಹೋದಳು. ಇಷ್ಟು ವರ್ಷ ತನ್ನದು, ತನ್ನ ಅತ್ತೆಯದು ಎಂದು ಎದೆಗೊತ್ತಿಕೊಂಡಿದ್ದ ಮೂಲೆಯೂ ಈಗ ಪುಟ್ಟಮಾದಮ್ಮ ಹುಟ್ಟಿದ ಪುಣ್ಯದಿಂದ ಸಿಕ್ಕಿದ್ದೆಂದು ಆಗಿಹೋಯಿತಲ್ಲ!

ಪುಟ್ಟಮಾದಮ್ಮ ಅಷ್ಟಕ್ಕೆ ಬಿಡಲಿಲ್ಲ. "ಅಕ್ಕ ಹೇಳಿದ್ದೇ ಸರಿ ಸಾಮಿ. ಒಳಗಿನ ಮಗ್ಳು ನಾನಲ್ಲ. ನಮ್ಮವ್ವ ನನ್ನ ಎತ್ತ ಜಾಗದಲ್ಲೇ ಆಲುಕ್ಕಿಸ್ತೀನಿ, ಒಳಕ್ಕೆ ಬರಕಿಲ್ಲ" ಎಂದು, ಶಾಮಿಯಾನದ ಗೂಟಕ್ಕೆ ಒತ್ತಿಟ್ಟಿದ್ದ ಇಟ್ಟಿಗೆಗಳನ್ನು ತಾನೇ ಎತ್ತಿ ತಂದು, ಜಗುಲಿಯ ಎಡತುದಿಗೆ, ದೊಡ್ಡಮಲ್ಲಮ್ಮ ಬೆಳಿಗ್ಗೆ ಬಿಟ್ಟ ರಂಗೋಲಿಯ ಮೇಲೆಯೇ ಒಲೆ ಹೂಡಲು ಕೂತಳು.

ತನ್ನ ಮೂಲೆ. ತನ್ನ ರಂಗೋಲಿ. ಅದರ ಮೇಲೆ ಅವಳ ಒಲೆ.

"ಏಯ್! ನನ್ ಜಾಗದಲ್ಲಿ ಒಲೆ ಊಡೀಯಾ? ಎದ್ದೇಳು ಮೇಲಕ್ಕೆ!" ಎಂದು ದೊಡ್ಡಮಲ್ಲಮ್ಮ ಕಿರುಚಿದ್ದು ಬಸ್ ಸ್ಟ್ಯಾಂಡಿಗೂ ಕೇಳಿರಬೇಕು. ಬೀಗದಕೈ ಕಿತ್ತು ಬೀಗಕ್ಕೆ ತುರುಕಿ ತಿರುಗಿಸಿದಳು. ಬಾಗಿಲನ್ನು ಭುಜದಿಂದ ನೂಕಿದಳು. ಬಗ್ಗಿ ಹಾಲಿನ ಪಾತ್ರೆಯನ್ನು ಬಾಚಿ ಸೊಂಟಕ್ಕೇರಿಸಿಕೊಂಡು, "ಆಲು ಒಳ್ಗೇ ಉಕ್ಕಬೇಕು! ಜಗ್ಲೀಲಿ ಉಕ್ಸದಕ್ಕೆ ಇದೇನು ಟೀ ಅಂಗ್ಡಿಯಾ?" ಎನ್ನುತ್ತಾ ದಡದಡನೆ ಒಳಗೆ ನುಗ್ಗಿದಳು. ಆ ರಭಸಕ್ಕೆ ರವಿಕೆಯ ಕಂಕುಳ ಹೊಲಿಗೆ ಪರ್ರೆಂದಿತು. ನಾನು ಮೊದಲೇ ಹೇಳಿದ್ದೆ.

"ಅಯ್ಯೋ, ಎಡಗಾಲು! ಎಡಗಾಲಿಟ್ಟಳು!" ಎಂದರು ಪೂಜೆಯವರು.

"ಯಾವ್ದೋ ಒಂದ್ ಕಾಲು ಬುಡಿ ಸಾಮಿ" ಎಂದ ನನ್ನ ಪಕ್ಕದಲ್ಲಿದ್ದ ಬೆಟ್ಟಯ್ಯ. ನಾನು ತಿರುಗಿ ನೋಡಿದೆ. ತಲೆಯ ಟವಲನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. "ಕೀ ಕೊಡೋವಾಗ ಗೋವಿಂದಯ್ಯನೋರು ಬಾಗ್ಲು ಕಾಯಿ, ಒಸ್ಲು ಮಾತ್ರ ದಾಟ್ಬ್ಯಾಡ ಅಂದಿದ್ರು" ಎಂದ.

ಹೂವಿಗೆ ಮೈಲಿಗೆ ಇಲ್ಲವಂತೆ, ಹೂ ಕಟ್ಟಿದವಳಿಗೆ ಉಂಟಂತೆ. ಹೇಳಿದ ಮನುಷ್ಯ ಸತ್ತು ಬೂದಿಯಾಗಿ ಎಷ್ಟು ಕಾಲವಾಯಿತು! ಬೀಗದಕೈ ಇವಳದೇ ಸೊಂಟದಲ್ಲಿ, ನೋಡುವವರು ಯಾರೂ ಇಲ್ಲ. ಆದರೂ ದಾಟಿರಲಿಲ್ಲ. ಮೈಲಿಗೆ ಮಾಡಬಾರದೆಂಬ ಕಾನೂನು ಎಂದೋ ಬಂದಿತ್ತು, ಜಿಲ್ಲೆ ಬಂತು, ಮೇಸ್ತ್ರಿ ದಿನಾ ಕರೆದ. ದಾಟಿರಲಿಲ್ಲ. ಹೊಟ್ಟೆಕಿಚ್ಚು ದಾಟಿಸಿತು.

ನಾವೆಲ್ಲ ಬಾಗಿಲಿಗೆ ನುಗ್ಗಿದೆವು. ಅವಳು ತೊಟ್ಟಿಯ ನಡುವೆ ಪಾತ್ರೆ ಹಿಡಿದು ನಿಂತುಬಿಟ್ಟಿದ್ದಳು. ಮೇಲಿನಿಂದ ಬೆಳಕು ಬೀಳುತ್ತಿತ್ತು. ಅವಳು ಒಂದು ಕಂಬ ನೋಡಿದಳು, ಪಕ್ಕದ ಕಂಬ ನೋಡಿದಳು, ಕತ್ತೆತ್ತಿ ಕಂಬಗಳ ತಲೆಯನ್ನೆಲ್ಲ ನೋಡಿದಳು. ಗಿಳಿಗಳಿರಲಿಲ್ಲ. ನುಣುಪಾದ, ಸಾದಾ ಕಂಬಗಳು. ಅವಳ ಬೆನ್ನ ಹಿಂದೆ ಇಡೀ ಪೇಟೆ ನಿಂತಿದೆ, ಪೇಟೆಗೆಲ್ಲ ಇವಳೇ ಗಿಳಿಗಳ ಕಥೆ ಹೇಳಿದವಳು. ಎಲ್ಲರೂ ತೊಲೆಗಳ ಕಡೆ ಕತ್ತೆತ್ತಿದರು. ಅಷ್ಟು ಬಾಯಿಯ ನಾನೂ ತೊಲೆಗಳನ್ನೇ ಎಣಿಸಿದೆ.

ಪುಟ್ಟಮಾದಮ್ಮ ಹೊಸಿಲಿನ ಹತ್ತಿರ ಒಂದು ಗಳಿಗೆ ತಡೆದು, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಬಂದು ಅವಳ ಪಕ್ಕ ನಿಂತಳು.

ದೊಡ್ಡಮಲ್ಲಮ್ಮ ಅವಳ ಕಡೆ ತಿರುಗದೆ, ದನಿ ತಗ್ಗಿಸಿ ಕೇಳಿದಳು. "ಅಡಿಗೆಮನೆ ಎಲ್ಲದೆ?"

"ನಂಗೇನ್ ಗೊತ್ತಕ್ಕ? ನಾನೂ ಈಗ್ಲೇ ಬತ್ತಿರದು."

ಹಿದಾಯತ್ ಉಲ್ಲಾ ಮುಂದೆ ಬಂದು ಬಲಗಡೆಯ ಬಾಗಿಲು ತೋರಿಸಿದ. ಇಬ್ಬರೂ ಒಟ್ಟಿಗೇ ಹೊರಟರು. ಬಾಗಿಲು ಕಿರಿದು, ಮೊಣಕೈಗೆ ಮೊಣಕೈ ತಾಗಿಸಿಕೊಂಡೇ ಒಳಗೆ ತೂರಿದರು. ದೊಡ್ಡಮಲ್ಲಮ್ಮ ಪಾತ್ರೆಯನ್ನು ಒಲೆಯ ಮೇಲಿಟ್ಟು, ಒರಳಿನ ಕಡೆ ಹೋಗಿ ಅಂಗೈ ಊರಿ ನೋಡಿ ಬಂದಳು. ಸೌದೆ ಹಸಿಯಾಗಿತ್ತು, ಹೊಗೆ ಎದ್ದಿತು. ಪುಟ್ಟಮಾದಮ್ಮ ಜರಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಒಲೆಯ ಮುಂದೆ ಬಗ್ಗಿದಳು.

"ಊದು, ಚೆನ್ನಾಗಿ ಊ‌ದು" ಎಂದಳು ದೊಡ್ಡಮಲ್ಲಮ್ಮ, ಕಣ್ಣೊರೆಸಿಕೊಳ್ಳುತ್ತ. "ಪಾತ್ರೆ ಮಾತ್ರ ಮುಟ್ಟಿದ್ರೆ ನೋಡು."